ತಾರಸಿಯ ಉಗಿಬಂಡಿಯ ಸೀಟಿಯ ಮೇಲೆ ಗೇಟ್‌ಮ್ಯಾನ್ ಮಹಾಲಿಂಗಪ್ಪನ ದೂರು

ಗೆ,
ಶ್ರೀಮಾನ್ ಪುಟ್ಟ ಉಗಿಬಂಡಿಯವರು,
ಮೂರನೆಯ ಮಹಡಿಯ ಮೇಲಿನ ತಾರಸಿ, ನೀರಿನ ಟ್ಯಾಂಕಿನ ಪಕ್ಕ,
ಕೆರೆನೋಟ ಅಪಾರ್ಟ್‌ಮೆಂಟ್, ಅಬ್ಬಿಗೆರೆ.

ವಿಷಯ: ತಮ್ಮ ಸೀಟಿಯಿಂದ ನನ್ನ ಬಲಗೈಗೆ ಆಗುತ್ತಿರುವ ತೊಂದರೆಯ ಬಗ್ಗೆ.

ಮಾನ್ಯರೇ,

ತಮ್ಮ ಬಾಯ್ಲರ್ ಬೆಚ್ಚಗಿದ್ದು, ಗಾಲಿಗಳಿಗೆ ಹೊತ್ತುಹೊತ್ತಿಗೆ ಎಣ್ಣೆ ಬಿದ್ದು, ತಾವು ಸಪರಿವಾರರಾಗಿ, ಅಂದರೆ ಬೆನ್ನ ಹಿಂದಿನ ಮೂರು ಡಬ್ಬಿಗಳ ಸಮೇತ, ಸುಖವಾಗಿದ್ದೀರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಇತ್ತ ನಾನೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ ತಮ್ಮಂಥವರ ಮುಂದೆ ಸುಳ್ಳು ಹೇಳಲು ನಾಲಿಗೆ ಏಳುತ್ತಿಲ್ಲ. ತಾವು ಹಾರ್ಮೋನಿಯಂ ಪೆಟ್ಟಿಗೆಯಷ್ಟು ಉದ್ದವಿದ್ದೀರಿ, ನಾನು ಐದು ಅಡಿ ಎಂಟು ಅಂಗುಲ ಇದ್ದೇನೆ; ಆದರೂ ಕಳೆದ ಮೂರು ತಿಂಗಳಿಂದ ತಾವು ಕೂಗಿದರೆ ಸಾಕು, ಓಡುತ್ತಿರುವವನು ನಾನು. ಇದು ಯಾವ ನ್ಯಾಯ ಎಂದು ಎದುರು ನಿಂತು ಕೇಳೋಣವೆಂದರೆ, ಅರವತ್ತಾರು ವರ್ಷದವನೊಬ್ಬ ಆಟಿಕೆಯ ಇಂಜಿನ್ನಿನ ಜೊತೆ ಜಗಳವಾಡುತ್ತಿರುವುದನ್ನು ಅಪಾರ್ಟ್‌ಮೆಂಟಿನವರು ನೋಡಿ ಇರುವ ಚೂರುಪಾರು ಮರ್ಯಾದೆಯೂ ಹೋದೀತೆಂದು ಹೆದರಿ, ಬಹಿರಂಗ ಪತ್ರದ ದಾರಿ ಹಿಡಿದಿದ್ದೇನೆ. ಮನ್ನಿಸಬೇಕು.

ಮೊದಲು ನನ್ನ ಪರಿಚಯ. ಹೆಸರು ಮಹಾಲಿಂಗಪ್ಪ, ಮೂಲ ಗದಗಿನ ಕಡೆ, ಈಗ ವಾಸ ಬಾಗಲಗುಂಟೆ. ಇಪ್ಪತ್ತೆರಡನೆಯ ವಯಸ್ಸಿಗೆ ರೈಲ್ವೆಯಲ್ಲಿ ಗೇಟ್‌ಮ್ಯಾನ್ ಆಗಿ ಸೇರಿ, ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತಿದ್ದ ನ್ಯಾರೋ ಗೇಜಿನ ಉಗಿಬಂಡಿಗಳ ಕಾಲದಿಂದ ಕರೆಂಟಿನ ಇಂಜಿನ್ನುಗಳ ಕಾಲದವರೆಗೆ ಮೂವತ್ತೆಂಟು ವರ್ಷ ಗೇಟು ಮುಚ್ಚಿದವನು. ತೆರೆದೂ ಇದ್ದೇನೆ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ಗೇಟ್‌ಮ್ಯಾನ್ ಅಂದರೆ ಮುಚ್ಚುವವನು, ಜನ ಬೈಯುವುದೂ ಅದಕ್ಕೇ, ಸರ್ಕಾರ ಸಂಬಳ ಕೊಡುವುದೂ ಅದಕ್ಕೇ. ನಿವೃತ್ತನಾದ ಮೇಲೆ ಎರಡು ವರ್ಷ ನನ್ನ ಹೆಂಡತಿ ಕಾಶವ್ವ ನನ್ನನ್ನು ಸಹಿಸಿದಳು. ಮೂರನೆಯ ವರ್ಷ, "ದಿನಕ್ಕ ಇಪ್ಪತ್ತ ಸಲ ಅಡಿಗಿಮನಿ ಬಾಗ್ಲಾ ಹಾಕತೀರಿ, ಹೊಗಿ ತುಂಬಿ ನಾ ಸಾಯಬೇಕೇನ್ರಿ, ಎಲ್ಲ್ಯರ ಹೋಗಿ ಗೇಟ್ ಕಾಯ್ರಿ ಮಾರಾಯರ" ಎಂದು ಆಶೀರ್ವಾದ ಮಾಡಿ ಹೊರಗೆ ಕಳಿಸಿದಳು. ಹಾಗೆ ನಾನು ಕೆರೆನೋಟ ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯುರಿಟಿಯಾಗಿ ಬಂದೆ. ಇಲ್ಲಿಂದ ಯಾವ ಕೆರೆಯೂ ಕಾಣುವುದಿಲ್ಲ, ಆದರೆ ಅದು ತಮ್ಮ ತಪ್ಪಲ್ಲವಾದ್ದರಿಂದ ಆ ವಿಷಯ ಬಿಡುತ್ತೇನೆ.

ಇಲ್ಲಿ ನನಗೆ ಕೊಟ್ಟ ಕೆಲಸ ಗೇಟು ತೆರೆಯುವುದು. ಆಯುಷ್ಯವೆಲ್ಲ ಮುಚ್ಚಿದವನಿಗೆ ತೆರೆಯುವ ಕೆಲಸ ಎಂದರೆ ಅಡುಗೆ ಭಟ್ಟರನ್ನು ಉಪವಾಸದ ಮನೆಗೆ ಕರೆದ ಹಾಗೆ. ಆದರೂ ಕಲಿತೆ, ಮೂರು ವರ್ಷ ಒಂದು ದೂರಿಲ್ಲದೆ ತೆರೆದೆ. ಗೇಟಿನ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೊಂದು ತಗಡು, ಹಾರ್ನ್ ಕೇಳಿದಾಗ ಎದ್ದು ನಿಲ್ಲುವುದಕ್ಕೊಂದು ಕಾರಣ. ಎದ್ದು ನಿಲ್ಲುವುದಕ್ಕೆ ಕಾರಣವಿಲ್ಲದೆ ಎರಡು ವರ್ಷ ಕೂತು ನೋಡಿದವನು ನಾನು, ಅದರ ಕಷ್ಟ ನನಗೆ ಗೊತ್ತು. ಈ ಕುರ್ಚಿ ಹೋದರೆ ಕಾಶವ್ವನ ಅಡುಗೆಮನೆಯ ಬಾಗಿಲೇ ಗತಿ ಎಂಬುದನ್ನು ತಾವು ಮುಂದಿನ ಸಂಗತಿಗಳನ್ನು ಓದುವಾಗ ದಯವಿಟ್ಟು ಮನಸ್ಸಿನಲ್ಲಿಡಬೇಕು.

ಇಂತಿರಲು ಒಂದು ಭಾನುವಾರ ಬೆಳಗ್ಗೆ ತಾವು ತಾರಸಿಯ ಮೇಲೆ ಅವತರಿಸಿದಿರಿ. ಅಸೋಸಿಯೇಷನ್ನಿನ ಅಧ್ಯಕ್ಷರಾದ ಶಿವಪುತ್ರ ಅವರು ಯಲಹಂಕದಲ್ಲಿ ಯಾವುದೋ ನಾಮಕರಣಕ್ಕೆಂದು ಸಂಸಾರ ಸಮೇತ ಕಾರಿನಲ್ಲಿ ಹೊರಟಿದ್ದರು, ನಾನು ಗೇಟು ತೆರೆದು ನಿಂತಿದ್ದೆ, ಅಷ್ಟರಲ್ಲಿ ಮೇಲಿನಿಂದ ತಮ್ಮ ಉದ್ದನೆಯ ಸೀಟಿ. ಆಮೇಲೆ ನಡೆದದ್ದನ್ನು ನಾನು ಮಾಡಿದೆನೆಂದು ಹೇಳಲಾರೆ, ನನ್ನ ಕೈ ಮಾಡಿತು. ಗೇಟನ್ನು ಎಳೆದು ಮುಚ್ಚಿ, ಚಿಲಕ ಹಾಕಿ, ಹೆಗಲ ಮೇಲಿದ್ದ ಕೆಂಪು ಟವೆಲ್ಲನ್ನು ಅಧ್ಯಕ್ಷರ ಕಾರಿನ ಮುಂದೆ ಅಡ್ಡ ಹಿಡಿದು ನಿಂತುಬಿಟ್ಟೆ. ಅವರು ಗಾಜು ಇಳಿಸಿ, "ಏನಾತ್ರೀ ಮಹಾಲಿಂಗಪ್ಪಾರ?" ಎಂದರು. ನಾನು, "ಟ್ರೇನ್ ಬರಾಕತ್ತೈತ್ರೀ ಸರ್, ಹಿಂದ ಸರೀರಿ" ಎಂದೆ. ಇದರಲ್ಲಿ ನನಗೆ ಇಂದಿಗೂ ಸ್ವಲ್ಪ ಸಮಾಧಾನ ತರುವ ಸಂಗತಿಯೆಂದರೆ ಅಧ್ಯಕ್ಷರು ಕಾರನ್ನು ನಾಲ್ಕು ಅಡಿ ಹಿಂದಕ್ಕೆ ತೆಗೆದುಕೊಂಡರು. "ಟ್ರೇನ್ ಎಲ್ಲೈತ್ರೀ?" ಎಂಬ ಪ್ರಶ್ನೆ ಅವರಿಗೆ ಹೊಳೆದದ್ದು ಆಮೇಲೆ.

ಹಗಲೆಲ್ಲ ಚಿಕ್ಕಬಾಣಾವರದ ಲೈನಿನಲ್ಲಿ ನಿಜವಾದ ರೈಲುಗಳೇ ಹಾರ್ನ್ ಹೊಡೆಯುತ್ತವಲ್ಲ, ಅದಕ್ಕೇಕೆ ನಿನ್ನ ಕೈ ಏಳುವುದಿಲ್ಲ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಗಿ ಹೋಗಿ ಹಾರ್ನಿನ ಇಂಜಿನ್ನು ಬಂದ ಕಾಲಕ್ಕೆ ಗೇಟಿಗೆ ಫೋನೂ ಬಂದಿತ್ತು. ಸ್ಟೇಷನ್ ಮಾಸ್ತರು ಫೋನ್ ಮಾಡಿದ ಮೇಲೆ ಮುಚ್ಚುವುದು, ಮುಚ್ಚಿದೆನೆಂದು ಗುಟ್ಟಿನ ನಂಬರೊಂದನ್ನು ಅವರಿಗೆ ಹೇಳುವುದು, ಹೀಗಾಗಿ ಹಾರ್ನ್ ಕೇಳಿದರೆ ನನ್ನ ಕೈ ಮೊದಲು ಮೇಲಿನವರ ಅಪ್ಪಣೆ ಕೇಳುತ್ತದೆ. ಉಗಿಯ ಸೀಟಿ ಹಾಗಲ್ಲ. ಅದನ್ನು ಕಲಿತದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅದು ತಲೆಯನ್ನು ಮಾತನಾಡಿಸದೆ ನೆಟ್ಟಗೆ ತೋಳಿಗೆ ಹೋಗುತ್ತದೆ.

ಮುಚ್ಚಿದ್ದಾಯಿತು, ತೆರೆಯುವುದು ಯಾವಾಗ? ಗಾಡಿಯ ಕೊನೆಯ ಡಬ್ಬಿ ದಾಟಿದ್ದನ್ನು ಕಣ್ಣಾರೆ ಕಂಡ ಮೇಲೆ ತಾನೇ ಗೇಟು ತೆರೆಯಬೇಕು? ತಾವೋ ತಾರಸಿಯ ಮೇಲೆ ಗುಂಡಗೆ ಸುತ್ತುತ್ತಿದ್ದಿರಿ, ದಾಟುವ ಮಾತೇ ಇಲ್ಲ. ಅಧ್ಯಕ್ಷರನ್ನು ಅಲ್ಲೇ ಬಿಟ್ಟು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ತಾರಸಿಗೆ ಬಂದು, ತಮ್ಮನ್ನು ಕೈಯಾರೆ ಕಟ್ಟಿದ ನಮ್ಮ ಅಪಾರ್ಟ್‌ಮೆಂಟಿನ ಸಬೀರಾ ಮೇಡಂ ಅವರಿಗೆ, "ಮೇಡಂ, ಕೊನೇ ಡಬ್ಬಿಗೆ ಗುರುತಿನ ಹಲಗೆ ಇಲ್ಲ, ಗೇಟು ಹೇಗೆ ತೆಗೀಲಿ?" ಎಂದು ಕೇಳಿದೆ. ಹಲ್ಲಿನ ಡಾಕ್ಟರಾದ ಆ ಹೆಣ್ಣುಮಗಳು ಎಂಥೆಂಥ ರೋಗಿಗಳನ್ನು ನೋಡಿದ್ದಾರೋ, ನಗಲಿಲ್ಲ. ಒಂದು ಸಣ್ಣ ರಟ್ಟು ಕತ್ತರಿಸಿ, ಅದರ ಮೇಲೆ ಗುರುತು ಬರೆದು, ತಮ್ಮ ಮೂರನೆಯ ಡಬ್ಬಿಯ ಬೆನ್ನಿಗೆ ಅಂಟಿಸಿ, "ಈಗ ಸರಿನಾ ಅಂಕಲ್?" ಎಂದರು. ಸರಿಯಾಗಿತ್ತು. ಅದು ನನ್ನ ಮುಂದೆ ಹಾದುಹೋದದ್ದನ್ನು ನೋಡಿಕೊಂಡು ಕೆಳಗಿಳಿದು ಗೇಟು ತೆರೆದೆ. ಅಧ್ಯಕ್ಷರು ನಾಮಕರಣಕ್ಕೆ ಹೋಗುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಊಟಕ್ಕೆ ಕೂತಿದ್ದರಂತೆ.

ಅಂದು ತಾರಸಿಯಲ್ಲಿ ತಿಳಿದದ್ದು ಇಷ್ಟು. ಸಬೀರಾ ಮೇಡಂ ಅವರ ತಾತ ಮೆಹಬೂಬ್ ಪಾಷಾ ನಮ್ಮ ಯಲಹಂಕದ ಲೈನಿನಲ್ಲೇ ಉಗಿಬಂಡಿ ಓಡಿಸಿದವರು. ನಿವೃತ್ತರಾದ ಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಇಂಜಿನ್ನಿನ ಸೀಟಿಯನ್ನು ಬಾಯಲ್ಲೇ ಹಾಕಿ ತೋರಿಸುತ್ತಿದ್ದರಂತೆ. ಆ ಬಾಯಿಯ ಸೀಟಿಯನ್ನು ನೆನಪಿಟ್ಟುಕೊಂಡು ಮೇಡಂ ತಮಗೆ ಹಿತ್ತಾಳೆಯ ಸೀಟಿ ಮಾಡಿಸಿದ್ದಾರೆ. ಸಣ್ಣ ಇಂಜಿನ್ನಿಗೆ ಸಣ್ಣ ಸೀಟಿ ಹಾಕಿದರೆ ಇಲಿ ಕಿರುಚಿದ ಹಾಗೆ ಕೇಳುತ್ತದೆಂದು, ಉದ್ದದ ಕೊಳವೆಯೊಂದನ್ನು ನೀರಿನ ಡಬ್ಬಿಯ ಅಡಿಯಲ್ಲಿ ಬಚ್ಚಿಟ್ಟು ದನಿಯನ್ನು ದಪ್ಪ ಮಾಡಿದ್ದಾರೆ. "ದಾದಾಗೆ ಮುಂದಿನ ಎರಡು ಹಲ್ಲು ಇರ್ಲಿಲ್ಲ ಅಂಕಲ್, ಆ ಗಾಳಿ ಸದ್ದೂ ಬೇಕು ಅಂತ ತೂತು ಸ್ವಲ್ಪ ದೊಡ್ಡದು ಇಟ್ಟಿದೀನಿ" ಎಂದರು. ಅಂದರೆ ಮಾನ್ಯರೇ, ತಮ್ಮದು ಇಂಜಿನ್ನಿನ ಸೀಟಿಯಲ್ಲ, ಇಂಜಿನ್ನನ್ನು ಅಣಕಿಸಿದ ಹಲ್ಲಿಲ್ಲದ ಮುದುಕರೊಬ್ಬರ ಬಾಯಿಯ ಅಣಕು. ಅದಕ್ಕೂ ನನ್ನ ಕೈ ಎದ್ದಿತಲ್ಲ, ಅದನ್ನು ಯಾರ ಮುಂದೆ ಹೇಳಿಕೊಳ್ಳಲಿ!

ಆದರೂ ಹೊಗಳಬೇಕಾದಲ್ಲಿ ಹೊಗಳದಿರುವುದು ನನ್ನ ಗುಣವಲ್ಲ. ಸೀಟಿಗಳ ವಿಷಯದಲ್ಲಿ ನಾನು ಸುಲಭಕ್ಕೆ ಒಲಿಯುವ ಗಿರಾಕಿಯೂ ಅಲ್ಲ. ಬ್ರಾಡ್ ಗೇಜಿನ ಗೂಡ್ಸ್ ಇಂಜಿನ್ನಿನ ಸೀಟಿ ಎದೆಯಾಳದಿಂದ ಬರುತ್ತಿತ್ತು, ಕೇಳಿದರೆ ಗೌರವ ಹುಟ್ಟುತ್ತಿತ್ತು, ಪ್ರೀತಿ ಹುಟ್ಟುತ್ತಿರಲಿಲ್ಲ. ಯಶವಂತಪುರಕ್ಕೆ ಬರುತ್ತಿದ್ದ ಮೀಟರ್ ಗೇಜಿನ ಮೇಲ್ ಗಾಡಿಯದು ಎರಡು ಕೊರಳು ಒಟ್ಟಿಗೆ ಹಾಡಿದಂತೆ ಸೊಗಸಾಗಿತ್ತು, ಆದರೆ ಸ್ವಲ್ಪ ಜಂಬ. ಅಂಗಡಿಯ ಆಟಿಕೆ ರೈಲುಗಳ ಸೀಟಿಯ ಮಾತೇ ಬೇಡ, ಬ್ಯಾಟರಿ ಮುಗಿದ ಅಳುಬುರುಕ ಬೊಂಬೆಗೂ ಅದಕ್ಕೂ ವ್ಯತ್ಯಾಸವಿಲ್ಲ. ನನಗೆ ಬಲು ಇಷ್ಟ ನಮ್ಮ ನ್ಯಾರೋ ಗೇಜಿನದೇ, ಮೂಗಿನಿಂದ ಬರುವ ನೆಗಡಿಯ ದನಿ. ಅದರಲ್ಲೂ ಪಾಷಾ ಸಾಹೇಬರ ಕೈಯಲ್ಲಿ ಅದು ಮೆಲ್ಲಗೆ ಶುರುವಾಗಿ, ಉಬ್ಬಿ, ಕೊನೆಗೆ ಏನೋ ಹೇಳಹೊರಟವರು ಬೇಡ ಬಿಡು ಎಂದು ಸುಮ್ಮನಾದ ಹಾಗೆ ಇಳಿಯುತ್ತಿತ್ತು. ಬೇರೆ ಗೇಟುಗಳಿಗೆ ನಿಯಮದಷ್ಟೇ ಹಾಕುತ್ತಿದ್ದವರು ನನ್ನ ಗೇಟಿಗೆ ಮಾತ್ರ ಅದರ ಎರಡರಷ್ಟು ಉದ್ದ ಹಾಕುತ್ತಿದ್ದರು. ಅದು ಪಾಷಾ ಸಾಹೇಬರಿಗೆ ನನ್ನ ಮೇಲಿದ್ದ ಅಭಿಮಾನ ಎಂದು ನಲವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ತಮ್ಮ ಸೀಟಿಯೂ ಅಷ್ಟೇ ಉದ್ದ, ಅದೇ ಇಳಿತ. ಕಾಲುಭಾಗ ಹಲ್ಲಿಲ್ಲದ ಗಾಳಿಯಾದರೂ ಮುಕ್ಕಾಲು ಭಾಗ ಅಪ್ಪಟ ಎಂದು ಈ ಮೂಲಕ ಪ್ರಮಾಣಪತ್ರ ನೀಡುತ್ತೇನೆ.

ಆಮೇಲಿನ ಭಾನುವಾರಗಳ ಕತೆ ತಮಗೆ ಗೊತ್ತಿರುವುದೇ. ಒಮ್ಮೆ ಮುಚ್ಚಿದ ಮೇಲೆ ಕೈ ಅಷ್ಟಕ್ಕೇ ನಿಲ್ಲದೆ ಇಂಟರ್‌ಕಾಮ್ ಎತ್ತಿ, "ಗೇಟ್ ಬಂದ್ ಆಗಿದೆ ಸಾರ್, ನಂಬರ್ ನಲವತ್ತೇಳು" ಎಂದು ವರದಿ ಒಪ್ಪಿಸಿತು. ಆ ಕಡೆ ಇದ್ದದ್ದು ಕೆಳಮನೆಯ ರತ್ನಕ್ಕ. ಅವರು ಓಟಿಪಿ ಇರಬೇಕೆಂದು ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡು, ಸಂಜೆ ಬಂದು, "ನಂಬರ್ ಯಾರಿಗೂ ಹೇಳ್ಬೇಡಿ ಅಂತ ಬ್ಯಾಂಕಿನೋರು ಬಡ್ಕೋತಾರೆ, ನೀವ್ ನೋಡಿದ್ರೆ ಫೋನ್ ಮಾಡಿ ಹೇಳ್ತೀರಲ್ರೀ, ಇನ್ನೆರಡು ನಂಬರ್ ಎಲ್ಲಿ?" ಎಂದು ಗದರಿದರು. ಇನ್ನೊಂದು ಭಾನುವಾರ ಎರಡನೆಯ ಮಹಡಿಯ ಸ್ಮಿತಾಳನ್ನು ನೋಡಲು ಹೆಬ್ಬಾಳದಿಂದ ಬಂದ ಗಂಡಿನ ಕಡೆಯವರು ರೇಷ್ಮೆ ಸೀರೆಗಳ ಸಮೇತ ಏಳು ನಿಮಿಷ ಬಿಸಿಲಿನಲ್ಲಿ ನಿಂತರು. ಈ ಮನೆಯವರಿಗೆ ಹೊತ್ತಿನ ಬೆಲೆ ಗೊತ್ತಿಲ್ಲವೆಂದು ಸಂಬಂಧ ಮುರಿಯಿತು. ಸ್ಮಿತಾ ಒಬ್ಬಳೇ ಬಂದು, ಯಾರಿಗೂ ಕಾಣದಂತೆ ನನಗೊಂದು ಡಬ್ಬಿ ಮೈಸೂರ್‌ಪಾಕ್ ಕೊಟ್ಟು ಹೋದಳು. ಮೂರು ತಿಂಗಳಲ್ಲಿ ನನಗೆ ಬಂದ ಮೆಚ್ಚುಗೆ ಅದೊಂದೇ.

ಕೊನೆಗೆ ಅಸೋಸಿಯೇಷನ್ನಿನ ಸಭೆ ಸೇರಿತು. ಗೇಟಿಗೆ ತಾನಾಗಿ ಏಳುವ ಇಳಿಯುವ ಮೆಷಿನ್ ಕಂಬ ಹಾಕಿಸಿ ನನ್ನನ್ನು ಬಿಡಿಸುವುದೋ, ತಮ್ಮ ಸೀಟಿಯನ್ನು ಕೀಳಿಸುವುದೋ ಎಂಬುದು ಚರ್ಚೆ. ಸಬೀರಾ ಮೇಡಂ ಎದ್ದು ನಿಂತು, "ಪರ್ವಾಗಿಲ್ಲ, ಸೀಟಿ ತೆಗೆದುಬಿಡ್ತೀನಿ, ಅಂಕಲ್ ಕೆಲಸ ಹೋಗೋದು ಬೇಡ" ಎಂದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಕುರ್ಚಿ ಉಳಿಯುತ್ತಿತ್ತು. ಆದರೆ ನಾನು ಮಹಾಲಿಂಗಪ್ಪ ತಾನೇ? ಎದ್ದು ನಿಂತು ಎದೆ ಉಬ್ಬಿಸಿ, "ಅಂಥಾ ಸೀಟಿ ಕೀಳೂದು ಪಾಪ, ನನ್ನ ಮೂವತ್ತೆಂಟ ವರ್ಷದ ಸರ್ವಿಸ್ನ್ಯಾಗ ಒಂದು ತಪ್ಪಿಲ್ಲ, ಕೈ ಹಿಡಕೊಂಡು ಕೂಡೂದು ನನಗೇನು ದೊಡ್ಡದಲ್ಲ, ಬೇಕಾದ್ರ ಪರೀಕ್ಷಾ ಮಾಡ್ರಿ" ಎಂದುಬಿಟ್ಟೆ. ಅಧ್ಯಕ್ಷರು ತಕ್ಷಣ ಒಪ್ಪಿದರು. ಮುಂದಿನ ಭಾನುವಾರ ಹತ್ತು ಗಂಟೆಗೆ ತಾವು ಮೂರು ಸಲ ಸೀಟಿ ಹಾಕುವುದು, ಮೂರು ಸಲವೂ ನಾನು ಗೇಟು ಮುಟ್ಟದೆ ಕೂರುವುದು, ಕೂತರೆ ಕೆಲಸ ಉಂಟು, ಎದ್ದರೆ ಇಲ್ಲ.

ಪರೀಕ್ಷೆಯ ದಿನ ಅಪಾರ್ಟ್‌ಮೆಂಟಿನವರೆಲ್ಲ ಕುರ್ಚಿ ಹಾಕಿಕೊಂಡು, ರತ್ನಕ್ಕ ಹುರಿದ ಶೇಂಗಾ ಹಂಚುತ್ತ, ಮದುವೆಮನೆಯ ಕಳೆ ತಂದಿದ್ದರು. ತಮ್ಮ ಮೊದಲ ಸೀಟಿಗೆ ನನ್ನ ಕೈ ಎದ್ದಿತು, ಎಡಗೈಯಿಂದ ಹಿಡಿದು ತೊಡೆಯ ಮೇಲೆ ಅದುಮಿ ಕೂತೆ. ಎರಡನೆಯದಕ್ಕೆ ಬೆನ್ನಿನ ಬೆವರು ಕುರ್ಚಿಗೆ ಇಳಿಯಿತು, ಆದರೂ ಕೂತೆ. ಜನ ಚಪ್ಪಾಳೆ ಹೊಡೆದರು. ಮೂರನೆಯದಕ್ಕೆ ಸಿದ್ಧನಾಗಿ ಹಲ್ಲು ಕಚ್ಚಿದೆ. ಮಾನ್ಯರೇ, ತಾವು ಆ ಮೂರನೆಯ ಸೀಟಿಯನ್ನು ಹಾಕಲೇ ಇಲ್ಲ. ಎರಡು ಉದ್ದನೆಯ ಸೀಟಿಗೆ ತಮ್ಮ ಒಂದು ಚೊಂಬು ನೀರಿನ ಉಗಿಯೆಲ್ಲ ಖರ್ಚಾಗಿ, ಮೇಲೆ ಮೇಡಂ ಹಗ್ಗ ಎಳೆದರೆ ಬರೀ ಫುಸ್ ಎಂದಿತಂತೆ. ಕೆಳಗಿದ್ದ ನನಗೆ ಅದು ಹೇಗೆ ಗೊತ್ತಾಗಬೇಕು? ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ, ಗೇಟು ಹಾರುಹೊಡೆದುಕೊಂಡಿದೆ, ಸೀಟಿ ಇಲ್ಲ. ಎದ್ದು ಓಡಿ, ಗೇಟು ಎಳೆದು, ಚಿಲಕ ಹಾಕಿ, ಟವೆಲ್ ಹಿಡಿದು ನಿಂತೆ.

ಜನ ನಕ್ಕದ್ದಕ್ಕೆ ಲೆಕ್ಕವಿಲ್ಲ. ಅಧ್ಯಕ್ಷರು ಮಾತ್ರ ನಗದೆ, "ಸೀಟಿ ಹಾಕಿದ್ರೂ ಮುಚ್ಚತೀರಿ, ಹಾಕದಿದ್ರೂ ಮುಚ್ಚತೀರಿ, ಇನ್ನ ನಾವೇನು ಮಾಡೂಣ್ರೀ ಮಹಾಲಿಂಗಪ್ಪಾರ?" ಎಂದರು. ಉತ್ತರ ನನ್ನ ಹತ್ತಿರ ಇತ್ತು, ಸಭೆಯಲ್ಲಿ ಹೇಳುವಂಥದ್ದಾಗಿರಲಿಲ್ಲ, ತಮಗೆ ಹೇಳುತ್ತೇನೆ. ಕೂಗುತ್ತ ಬರುವ ಗಾಡಿಗೆ ಗೇಟ್‌ಮ್ಯಾನ್ ಹೆದರುವುದಿಲ್ಲ, ಕೂಗದೆ ಬರುವ ಗಾಡಿಗೆ ಹೆದರುತ್ತಾನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ಮಧ್ಯಾಹ್ನ, ಸೀಟಿ ಕೇಳಿದ ಮೇಲೆ ಎದ್ದರಾಯಿತೆಂದು ಗೋಡೆಗೆ ಒರಗಿದವನು ಹಾಗೇ ನಿದ್ದೆ ಹೋಗಿದ್ದೆ. ಅವತ್ತು ಪಾಷಾ ಸಾಹೇಬರ ಇಂಜಿನ್ನಿನ ಸೀಟಿ ಕೆಟ್ಟಿತ್ತು. ಹಿಪ್ಪುನೇರಳೆ ಸೊಪ್ಪು ಹೇರಿದ ಎತ್ತಿನಗಾಡಿ ಹಳಿಯ ನಡುವೆ ಇದ್ದಾಗ ಇಂಜಿನ್ ಬಂತು. ಗಾಡಿಯವನು ಚೀರಿದ, ಎತ್ತುಗಳು ಜಿಗಿದವು, ಒಂದು ಮೊಳದಲ್ಲಿ ಎಲ್ಲರೂ ಉಳಿದರು. ಹಿಂದೆ ಜೋತಾಡುತ್ತಿದ್ದ ಸೊಪ್ಪಿನ ಹೊರೆಯಷ್ಟೇ ಇಂಜಿನ್ನಿಗೆ ಸಿಕ್ಕಿ ಚೆಲ್ಲಾಪಿಲ್ಲಿಯಾಯಿತು. ಪಾಷಾ ಸಾಹೇಬರು ಹೊರಗೆ ಬಾಗಿ ನನ್ನನ್ನೊಮ್ಮೆ ನೋಡಿದರು. ಯಾರೂ ದೂರು ಕೊಡಲಿಲ್ಲ, ನನ್ನ ದಾಖಲೆಯಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ. ಸಭೆಯಲ್ಲಿ ಎದೆ ಉಬ್ಬಿಸಿ ಹೇಳಿದ ಆ ತಪ್ಪಿಲ್ಲದ ಸರ್ವಿಸ್ಸು ಇದೇ.

ಜನ ಚದುರಿದ ಮೇಲೆ ಸಬೀರಾ ಮೇಡಂ ಕೆಳಗಿಳಿದು ಬಂದು, ತನ್ನಿಂದಲೇ ನನ್ನ ಕೆಲಸ ಹೋಯಿತೆಂದು ಕಣ್ಣು ತುಂಬಿಕೊಂಡು, ನನ್ನನ್ನು ಸಮಾಧಾನ ಮಾಡಲು ಒಂದು ಮಾತು ಹೇಳಿದರು. "ಬೇಜಾರ್ ಮಾಡ್ಕೋಬೇಡಿ ಅಂಕಲ್. ದಾದಾ ಹೇಳ್ತಿದ್ರು, ಈ ಸೀಟಿ ಎಲ್ಲಾ ಕಡೆ ಇಷ್ಟುದ್ದ ಹಾಕ್ತಿರ್ಲಿಲ್ವಂತೆ. ಲೈನಲ್ಲಿ ಒಂದ್ ಗೇಟಲ್ಲಿ ಒಬ್ಬ ನಿದ್ದೆಬುರುಕ ಇದ್ನಂತೆ, ಪಾಪ ಚಿಕ್ಕ ವಯಸ್ಸು, ಕೆಲಸ ಹೋಗ್ಬಾರ್ದು, ಯಾರೂ ಸಾಯ್ಲೂಬಾರ್ದು ಅಂತ ಅವನಿಗೋಸ್ಕರ ಡಬಲ್ ಹಾಕ್ತಿದ್ರಂತೆ. ಆ ಥರದೋರನ್ನ ನೋಡಿದ ದಾದಾ, ಸೀಟಿನೇ ಇಲ್ದೆ ಗೇಟ್ ಹಾಕೋ ನಿಮ್ಮನ್ನ ನೋಡಿದ್ರೆ ಎಷ್ಟ್ ಖುಷಿ ಪಡ್ತಿದ್ರೋ!"

ನಾನು ಹೌದು ಮೇಡಂ ಎಂದೆ. ನಲವತ್ತು ವರ್ಷ ಅಭಿಮಾನ ಎಂದು ಊರಿಗೆಲ್ಲ ಸಾರಿದ್ದು ಅಲಾರಂ ಆಗಿತ್ತು. ನಾಚಿಕೆಯಿಂದ ಸತ್ತೇ ಹೋದೆ, ಅದೇ ಹೊತ್ತಿಗೆ ಆ ಮನುಷ್ಯ ಎದುರಿಗಿದ್ದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆ ಎಂದೂ ಅನಿಸಿತು. ಮನೆಗೆ ಬಂದು ಕಾಶವ್ವನ ಮುಂದೆ ಎಲ್ಲವನ್ನೂ, ಎತ್ತಿನಗಾಡಿಯ ಸಮೇತ, ಮೊದಲ ಸಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅಂವಾ ಎಬ್ಬಿಸಿದಾ, ನೀವು ಎದ್ರಿ. ಇನ್ನೇನ್ ಬೇಕ್ರಿ?" ಎಂದಳು.

ಆದ್ದರಿಂದ ಮಾನ್ಯರೇ, ಈ ಪತ್ರದ ಆರಂಭದಲ್ಲಿ ಮಾಡಿದ ದೂರನ್ನು ವಾಪಸು ಪಡೆಯುತ್ತಿದ್ದೇನೆ. ಪಿಸುದನಿಯಲ್ಲಿ ಸೀಟಿ ಹಾಕಬೇಕು, ಮೂರು ದಿನ ಮೊದಲು ಲಿಖಿತ ನೋಟಿಸು ಕೊಡಬೇಕು, ಇಲ್ಲವಾದರೆ ಆರ್.ಟಿ. ನಗರದ ಯಾವುದಾದರೂ ತಾರಸಿಗೆ ವರ್ಗ ಮಾಡಿಸಿಕೊಳ್ಳಬೇಕು ಎಂದೆಲ್ಲ ಕೇಳಬೇಕೆಂದಿದ್ದೆ, ಅವನ್ನೂ ಬಿಟ್ಟೆ. ಇನ್ನು ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಉಳಿದಿರುವುದು ಒಂದೇ ಬೇಡಿಕೆ. ಸಬೀರಾ ಮೇಡಂ ಅವರು ಈ ಪತ್ರ ಓದಿದ ಮೇಲೆ ಆ ನಿದ್ದೆಬುರುಕ ಯಾರೆಂದು ತಿಳಿದು ತಮ್ಮ ಸೀಟಿಯನ್ನು ನಿಯಮದಷ್ಟಕ್ಕೆ ಇಳಿಸಿಬಿಟ್ಟಾರು, ದಯವಿಟ್ಟು ಇಳಿಸಗೊಡಬೇಡಿ. ಅದಷ್ಟೇ ಅಲ್ಲ, ತಮ್ಮ ದನಿ ಮೂರು ನಾಲ್ಕು ಕಿಲೋಮೀಟರು ದಾಟಿ ಬಾಗಲಗುಂಟೆಯವರೆಗೆ ಮುಟ್ಟುವ ಏರ್ಪಾಡನ್ನೂ ಮಾಡಿಕೊಳ್ಳಬೇಕು. ಭಾನುವಾರ ತಿಂಡಿ ತಿಂದ ಮೇಲೆ ನನಗೆ ಸ್ವಲ್ಪ ಕಣ್ಣು ಹತ್ತುತ್ತದೆ.

ತಮ್ಮ ಸೀಟಿಗೆ ಎಂದೆಂದಿಗೂ ಎದ್ದು ನಿಲ್ಲುವ,
ತಮ್ಮ ವಿಶ್ವಾಸಿ,
ಮಹಾಲಿಂಗಪ್ಪ
ಮಾಜಿ ಗೇಟ್‌ಮ್ಯಾನ್, ಎರಡು ಕಡೆಯೂ.

ವಿ.ಸೂ.: ಹೊಸ ಮೆಷಿನ್ ಕಂಬವನ್ನು ಮೊನ್ನೆ ಗುರುವಾರ ಹಾಕಿದ್ದಾರೆ. ಶುಕ್ರವಾರ ನನ್ನ ಟಿಫಿನ್ ಡಬ್ಬಿ ತರಲು ಹೋದಾಗ ಕರೆಂಟು ಹೋಗಿ, ಅಧ್ಯಕ್ಷರ ಕಾರು ಕಂಬದ ಆಚೆ ಇಪ್ಪತ್ತು ನಿಮಿಷದಿಂದ ನಿಂತಿತ್ತು. ಅವರು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದರು. ನಿಂತು ಪೂರ್ತಿ ಕೇಳಿದೆ. ಉದ್ದವೇನೋ ಇದೆ, ಆದರೆ ಯಾರನ್ನೂ ಎಬ್ಬಿಸುವ ದನಿಯಲ್ಲ.